ಕೀಲಿಕೈ ಕಾಣದ ಪೆಟ್ಟಿಗೆ

ನಾನು ಒಂದು ದೂರು ಪೆಟ್ಟಿಗೆ. ಎಂಟು ವರ್ಷ ಒಂದು ಜಿಲ್ಲಾ ಕಾರಾಗೃಹದ ಗೋಡೆಯ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಮಾತ್ರ ತಲೆ ತಗ್ಗಿಸುತ್ತಾರೆ, ಉಳಿದವರೆಲ್ಲ ಸದ್ಯ ನಮ್ಮೂರಲ್ಲವಲ್ಲ ಎಂದು ಪಾರಾಗುತ್ತಾರೆ. ಯಾರೂ ಪಾರಾಗುವುದು ನನಗೆ ಬೇಕಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಮೌಲಾಸಾಬ ಎಂಬ ಕಸುಬುದಾರ ದಪ್ಪ ತಗಡು ಕತ್ತರಿಸಿ, ಬೆಸೆದು, ಮೂಲೆಗಳನ್ನು ಉಜ್ಜಿ ನನ್ನನ್ನು ಮಾಡಿದ. ಮಡಚಿದ ಕಾಗದ ಒಳಗೆ ಹೋಗಬೇಕು, ಆದರೆ ಯಾರ ಕೈಯೂ ಒಳಗೆ ಹೋಗಬಾರದು, ನನ್ನ ಬಾಯಿಯ ಅಳತೆ ಅದು. ನೀಲಿ ಬಣ್ಣ ಹೊಡೆದ ಮೇಲೆ ನನ್ನ ಬೆನ್ನು ತಟ್ಟಿ ಅಂದ: "ಗಟ್ಟಿ ಇರು. ಜೇಲಿಗೆ ಹೊಂಟೀದಿ. ಬಡವರ ಮಾತು ನಿನ್ನ ಹೊಟ್ಯಾಗ ಇರ್ತಾವ." ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ಭಾಷಣ ಅದು. ಆಮೇಲೆ ಕೇಳಿದ್ದೆಲ್ಲ ಮೈಕಿನಲ್ಲಿ.

ನನ್ನ ಹಣೆಯ ಮೇಲೆ ಸ್ಟಿಕರ್ ಅಂಟಿಸಿದರು. "ನ್ಯಾಯ ಸುಧಾರಣೆ ಮತ್ತು ಮಾನವ ಹಕ್ಕುಗಳಿಗಾಗಿ ಅಂತಾರಾಷ್ಟ್ರೀಯ ಸಹಕಾರ" ಎಂದು ಎರಡು ಭಾಷೆಯಲ್ಲಿ ಬರೆದಿತ್ತು. ಕೆಳಗೆ ಎರಡು ಕೈಗಳು ಒಂದನ್ನೊಂದು ಕುಲುಕುವ ಚಿತ್ರ. ಉಗುರಲ್ಲಿ ಒಂದಿಷ್ಟೂ ಮಣ್ಣಿಲ್ಲದ ಕೈಗಳು.

ಉದ್ಘಾಟನೆಗೆ ಸಮುದ್ರದಾಚೆಯಿಂದ ಮಾರ್ಗಿಟ್ ಎಂಬ ಮೇಡಂ ಬಂದಿದ್ದರು. ಯೋಜನೆಯ ಮುಖ್ಯಸ್ಥೆ. ತೆಳ್ಳಗೆ, ಎತ್ತರಕ್ಕೆ, ಬಿಸಿಲಿಗೆ ಕೆಂಪಾಗಿ, ಮೈಸೂರು ಪೇಟ ತೊಟ್ಟುಕೊಂಡು ನಿಂತಿದ್ದರು. ಒಬ್ಬ ದುಭಾಷಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ. ಅವರು ಹೇಳಿದ ನಿಯಮ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಪೆಟ್ಟಿಗೆಯ ಕೀಲಿಕೈ ಜೈಲಿನವರ ಹತ್ತಿರ ಇರಕೂಡದು, ಬೇಲಿಯೇ ಎದ್ದು ಹೊಲ ಮೇಯಬಾರದಲ್ಲ. ಕೀಲಿಕೈ ಜಿಲ್ಲಾ ನ್ಯಾಯಾಧೀಶರ ಬಳಿ ಇರಬೇಕು, ಅವರೇ ಹದಿನೈದು ದಿನಕ್ಕೊಮ್ಮೆ ಬಂದು ತೆಗೆದು ಓದಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿಹೋದೆ. ತಗಡು ಉಬ್ಬಿದರೆ ಸದ್ದಾಗುತ್ತದೆ. ಅಂದು ಬಿಸಿಲಿಗೆ ಟಣ್ ಎಂದೆ.

ಮರುದಿನ ಸೂಪರಿಂಟೆಂಡೆಂಟ್ ಸಾಹೇಬರು ಕೀಲಿಕೈಯನ್ನು ಲಕೋಟೆಗೆ ಹಾಕಿ, ಅರಗು ಸುರಿದು, ಜೈಲಿನ ಮುದ್ರೆ ಒತ್ತಿ ಕೋರ್ಟಿಗೆ ಕಳುಹಿಸಿದರು. ಅಲ್ಲೇ ಕೆಟ್ಟಿತು. ಕೋರ್ಟಿನಲ್ಲಿ ಅರಗಿನ ಮುದ್ರೆ ಬಿದ್ದ ಲಕೋಟೆ ಎಂದರೆ ಒಂದೇ ಅರ್ಥ, ಯಾವುದೋ ಕೇಸಿನ ಸಾಕ್ಷಿ ಸಾಮಾನು. ಅದಕ್ಕೆ ಮುದ್ದೆಮಾಲು ಎನ್ನುತ್ತಾರೆ. ಶಿರಸ್ತೇದಾರರು ಒಡೆದು ನೋಡಲಿಲ್ಲ, ಒಡೆಯುವುದು ತಪ್ಪು. ರಕ್ತ ಹತ್ತಿದ ಕುಡುಗೋಲು, ಕದ್ದ ಸೈಕಲ್ಲು, ನಾಡಪಿಸ್ತೂಲುಗಳ ನಡುವೆ ನನ್ನ ಕೀಲಿಕೈಯನ್ನೂ ಚೀಟಿ ಕಟ್ಟಿ ಇಟ್ಟರು. ಒಮ್ಮೆ ಮುದ್ದೆಮಾಲಾದದ್ದು ಹೊರಗೆ ಬರಬೇಕಾದರೆ ಆ ಕೇಸಿನವರು ಅರ್ಜಿ ಹಾಕಬೇಕು. ನನ್ನ ಕೀಲಿಕೈಗೆ ಕೇಸೂ ಇಲ್ಲ, ನಂಬರೂ ಇಲ್ಲ. ಅರ್ಜಿ ಹಾಕುವವರು ಯಾರು?

ಇದೆಲ್ಲ ನನಗೆ ತಿಳಿದದ್ದು ನನ್ನ ಕೆಳಗಿನ ಬೆಂಚಿನಲ್ಲಿ ಕುಳಿತು ವಾರ್ಡರುಗಳು ಆಡಿಕೊಂಡ ಮಾತಿನಿಂದ. ಅವರು ನಗುತ್ತಿದ್ದರು. ನಗುವುದಕ್ಕೆ ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ.

ನನ್ನನ್ನು ಹಾಕಿದ್ದು ಹೆಂಗಸರ ಬ್ಯಾರಕ್ಕಿನ ಎದುರಿಗೆ. ಅಲ್ಲಿ ನಿಂಬೆವ್ವ ಇದ್ದಳು, ಗಂಡನ ಸಾವಿನ ಕೇಸಿನಲ್ಲಿ ಸಿಕ್ಕಿದ ವಿಚಾರಣಾಧೀನ ಕೈದಿ. ಅವಳು ತಪ್ಪು ಮಾಡಿದ್ದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೋರ್ಟಿಗೂ ಮೂರು ವರ್ಷದಿಂದ ಗೊತ್ತಾಗಿರಲಿಲ್ಲ. ಅವಳ ಜೊತೆ ಮಗಳು ರುಕ್ಮಾ ಇದ್ದಳು. ಆ ಮಗು ತಾಯಿಯ ಸೊಂಟ ಏರಿ ನನ್ನ ಬಾಯಿಗೆ ಹುಣಸೆ ಎಲೆ ತುರುಕುತ್ತಿತ್ತು. "ಪೆಟಗಿಗೆ ಹಸಿವ್ಯಾಗೈತಿ" ಎನ್ನುತ್ತಿತ್ತು. ಆ ಜೈಲಿನಲ್ಲಿ ನನ್ನ ಹೊಟ್ಟೆಯ ಯೋಚನೆ ಮಾಡಿದ್ದು ಅದೊಂದೇ.

ಜೈಲಿನ ನಿಯಮದ ಪ್ರಕಾರ ಮಗು ತಾಯಿಯ ಜೊತೆ ಇರುವುದು ಆರು ವರ್ಷ ತುಂಬುವತನಕ ಮಾತ್ರ. ಆಮೇಲೆ ಹೊರಗೆ ಹೋಗಬೇಕು. ರುಕ್ಮಾಳಿಗೆ ಆರು ತುಂಬಲು ಮೂರು ತಿಂಗಳಿತ್ತು. ಅವಳನ್ನು ದೂರದ ಜಿಲ್ಲೆಯ ಬಾಲಮಂದಿರಕ್ಕೆ ಕಳುಹಿಸುವುದೆಂದು ಕಾಗದ ಓಡಾಡುತ್ತಿತ್ತು. ನಿಂಬೆವ್ವನ ತಂಗಿ ಕಾಶೀಬಾಯಿ ಹಿರೇಕೊಪ್ಪದಲ್ಲಿದ್ದಳು, ಮಗುವನ್ನು ಸಾಕಲು ತಯಾರಿದ್ದಳು. ಆದರೆ ಅದಕ್ಕೆ ನ್ಯಾಯಾಧೀಶರ ಮಾತು ಬೇಕು. ನಿಂಬೆವ್ವ ಸಾಹೇಬರ ಮುಂದೆ ಕೈಮುಗಿದು ನಿಂತಳು.

"ನೋಡವಾ, ಪೆಟಗಿ ಹಾಕೇವಿ. ಏನಿದ್ರೂ ಅದರಾಗ ಹಾಕು," ಅಂದರು ಸಾಹೇಬರು. "ಬಾಯಿಮಾತಿಲೆ ಹೇಳಿದ್ದು ಕೇಳೂ ಹಂಗಿಲ್ಲ ಇನ್ನ."

ನನ್ನ ಸಿಟ್ಟಿನ ಬೇರು ಇದೇ. ನಾನು ಬರುವ ಮೊದಲು ನ್ಯಾಯಾಧೀಶರು ತಿಂಗಳಿಗೊಮ್ಮೆ ಬ್ಯಾರಕ್ಕಿನ ಮುಂದೆ ನಿಂತು "ಯಾರಿಗೇನು ತೊಂದರೆ?" ಎಂದು ಕೇಳುತ್ತಿದ್ದರಂತೆ. ನಾನು ಬಂದ ಮೇಲೆ ನನ್ನತ್ತ ಬೆರಳು ತೋರಿಸಿ, "ಪೆಟ್ಟಿಗೆ ಇದೆಯಲ್ಲ, ಬರೆದು ಹಾಕಿ" ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಿದ್ದರು. ಕೀಲಿಕೈ ಕಾನೂನು ನೆರವಿನ ಕಚೇರಿಯಲ್ಲಿದೆ ಎಂದು ಅವರು ತಿಳಿದಿದ್ದರು. ಕಾನೂನು ನೆರವಿನವರು ನ್ಯಾಯಾಧೀಶರ ಮೇಜಿನಲ್ಲಿದೆ ಎಂದು ತಿಳಿದಿದ್ದರು. ಕಿವಿಯಾಗಲಿ ಎಂದು ಕಳುಹಿಸಿದ ನನ್ನಿಂದ ಇದ್ದ ಎರಡು ಕಿವಿಗಳೂ ಮುಚ್ಚಿಹೋದವು.

ವಾರ್ಡರ್ ಗೌರಾಬಾಯಿಗೆ ಮನಸ್ಸು ತಡೆಯಲಿಲ್ಲ. ತನ್ನ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ತಂದಳು. "ನೀ ಹೇಳು, ನಾ ಬರೀತೀನಿ. ಜಡ್ಜ್ ಸಾಹೇಬ್ರು ತಾವ ತಗದು ಓದ್ತಾರಂತ," ಅಂದಳು. ನಿಂಬೆವ್ವ ಹೇಳಿದಳು, ಗೌರಾಬಾಯಿ ಬರೆದಳು. ನಿಂಬೆವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡು ನನ್ನ ಬಾಯಿಗೆ ಹಾಕಿದಳು. ಮುಂದಿನ ತಿಂಗಳು ಎರಡನೆಯದು. ಆರು ತುಂಬುವ ವಾರ ಮೂರನೆಯದು. ಮೂರೂ ನನ್ನ ಹೊಟ್ಟೆಯಲ್ಲಿ ಹುಣಸೆ ಎಲೆಗಳ ಮೇಲೆ ಬಿದ್ದಿದ್ದವು. ನಾನು ಕೂಗಲಾರೆ. ಕೂಗುವ ಹಾಗಿದ್ದರೆ ಆ ಜೈಲಿನ ಹಂಚು ಹಾರಿಹೋಗುತ್ತಿದ್ದವು.

ಗುರುವಾರ ಬಾಲಮಂದಿರದವರು ಬಂದರು. "ತಾಯಿಯ ಒಪ್ಪಿಗೆ ಇದೆ" ಎಂಬ ಕಾಗದ ನನ್ನ ಕೆಳಗಿನ ಬೆಂಚಿನ ಮೇಲೆ ಹರಡಿದರು. ನಿಂಬೆವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು. ಇಬ್ಬರು ವಾರ್ಡರುಗಳು ಹಿಡಿದು ಅವಳ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದರು. ರುಕ್ಮಾ ಬಾಗಿಲಿನಿಂದ ನೋಡಿದಳು. ಅವಳಿಗೆ ಕಂಡದ್ದು ಅವ್ವನ ಹೆಬ್ಬೆಟ್ಟು ಕಾಗದದ ಮೇಲೆ ಇದ್ದದ್ದು ಮಾತ್ರ. ಹಿಡಿದ ಕೈಗಳಿಗೆ ಅಡ್ಡಲಾಗಿ ಖಾಕಿ ಬೆನ್ನುಗಳಿದ್ದವು.

"ಯವ್ವಾ, ನೀನ ಒತ್ತಿದ್ಯಲ್ಲ!" ಎಂದು ಕಿರುಚಿತು ಆ ಮಗು. ಜೀಪು ಹೋಯಿತು.

ನಿಂಬೆವ್ವ ಬಂದು ಮುಷ್ಟಿ ಕಟ್ಟಿ ನನಗೆ ಗುದ್ದಿದಳು. "ಬಾಯಿ ನೋಡ, ಎಷ್ಟ ಚಂದ ಮಾಡ್ಯಾರ! ನುಂಗಾಕಷ್ಟ ಬರ್ತೈತಿ ನಿನಗ!" ನನ್ನ ಎಡ ಮಗ್ಗುಲಿನ ನಗ್ಗು ಅಂದಿನದು. ಅವಳ ಮಸಿ ಹೆಬ್ಬೆಟ್ಟೂ ಅಲ್ಲೇ ಮೂಡಿತ್ತು. ಅವಳು ಬೈದದ್ದು ಸರಿ. ನಾನು ಆ ಬೈಗುಳಕ್ಕೆ ಲಾಯಕ್ಕಾಗಿದ್ದೆ.

ಎರಡು ವರ್ಷದ ಮೇಲೆ ಮಾರ್ಗಿಟ್ ಮೇಡಂ ಪರಿಶೀಲನೆಗೆ ಬಂದರು. ನಿಂಬೆವ್ವನನ್ನು ಅಂದು ಅಡುಗೆ ಮನೆಯಿಂದ ಹೊರಗೆ ಬಿಡಲಿಲ್ಲ. ನನಗೆ ಹೊಸ ಬಣ್ಣ ಬಳಿದರು, ಹೆಬ್ಬೆಟ್ಟು ಅದರಡಿ ಮುಚ್ಚಿಹೋಯಿತು. ಎಷ್ಟು ದೂರುಗಳು ಬಂದಿವೆ ಎಂದು ಮೇಡಂ ಕೇಳಿದರು. ಸಾಹೇಬರು ರಿಜಿಸ್ಟರ್ ತೆಗೆದು ತೋರಿಸಿದರು. ಸೊನ್ನೆ.

ಗೌರಾಬಾಯಿ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಅದು ಗಂಟಲಮಟ ತುಂಬೈತ್ರಿ," ಎಂದುಬಿಟ್ಟಳು. ದುಭಾಷಿ ಅದನ್ನು ಸರಿಯಾಗಿಯೇ ತಿಳಿಸಿದ. ಮೇಡಂ ನನ್ನ ಬಾಯಿಗೆ ಬೆರಳ ತುದಿ ಇಟ್ಟರು. ಕಾಗದ ತಾಗಿತು. ಅವರಿಗೆ ತಾಗಿದ್ದು ನನಗೆ ಗೊತ್ತು, ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಹಾಗಾದರೆ ಸೊನ್ನೆ ಹೇಗೆ, ಎಂದು ಕೇಳಿದರು.

"ತಗದು ನಂಬರ್ ಕೊಟ್ಟ ಮ್ಯಾಲೆ ಅದು ದೂರು ಆಗ್ತದ ಮೇಡಂ. ಅಲ್ಲೀತನ ಬರೇ ಕಾಗದ," ಅಂದರು ಸಾಹೇಬರು. "ತಗ್ಯಾಕ ಕೀಲಿ ಕೋರ್ಟಿನಾಗೈತಿ. ನಿಮ್ಮ ನಿಯಮನ ಪಾಲಿಸೇವಿ."

ಮೇಡಂ ಬೆರಳು ತೆಗೆದರು. ಹೊರಗೆ ಕಾರು ಕಾಯುತ್ತಿತ್ತು, ಸಂಜೆ ವಿಮಾನವಿತ್ತು. ಬರೆದುಕೊಂಡರು: ದೂರುಗಳು, ಸೊನ್ನೆ. ನಿಯಮ ಪಾಲನೆ, ಪೂರ್ಣ. ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋ ಯಾವುದೋ ವರದಿಯ ಮುಖಪುಟಕ್ಕೆ ಬಂದಿತಂತೆ. ಸಾಹೇಬರು ಕಾಯ್ದೆ ಗೊತ್ತಿಲ್ಲದವರಾಗಿದ್ದರೆ ಕ್ಷಮಿಸುತ್ತಿದ್ದೆ, ಮೇಡಂ ಬೆರಳು ಇಡದೇ ಹೋಗಿದ್ದರೆ ಕ್ಷಮಿಸುತ್ತಿದ್ದೆ. ಇಬ್ಬರಿಗೂ ಗೊತ್ತಿತ್ತು. ಮುಂದಿನ ತಿಂಗಳೇ ಗೌರಾಬಾಯಿಗೆ ವರ್ಗವಾಯಿತು.

ನಿಂಬೆವ್ವನ ಕೇಸು ಮುಗಿಯಲು ಇನ್ನೂ ಮೂರು ವರ್ಷ ಹಿಡಿಯಿತು. ನಿರ್ದೋಷಿ ಎಂದು ತೀರ್ಪಾಯಿತು. ಬಿಡುಗಡೆಯ ದಿನ ಅವಳು ಗಂಟು ಹಿಡಿದು ನನ್ನ ಮುಂದೆ ನಿಂತಳು. ಈ ಸಲ ಗುದ್ದಲಿಲ್ಲ.

"ಸಾಹೇಬ್ರ, ನನ್ನ ಮೂರ ಚೀಟಿ ಅದಾವ ಇದರಾಗ. ಅವನ್ನ ಕೊಡ್ರಿ. ನನ್ನ ಮಗಳಿಗೆ ತೋರಸಬೇಕು. ನಾ ಕೇಳಿದ್ದೆ ಅಂತ ತೋರಸಬೇಕು."

"ಕೀಲಿ ಇಲ್ಲವಾ. ಹೋಗ ಇನ್ನ," ಅಂದರು ಹೊಸ ಸಾಹೇಬರು. ಹಳಬರು ಬಡ್ತಿ ಪಡೆದು ಹೋಗಿದ್ದರು. ಅವಳು ಬರಿಗೈಯಲ್ಲಿ ಹೋದಳು.

ಕೊನೆಗೆ ಇನ್ನೊಂದು ದೇಶದ ಇನ್ನೊಂದು ಯೋಜನೆ ಬಂತು. ನನ್ನ ಜಾಗದಲ್ಲಿ ಪರದೆ ಮುಟ್ಟಿದರೆ ಮಾತಾಡುವ ಯಂತ್ರ ನಿಲ್ಲಿಸಿದರು. ಅದಕ್ಕೂ ಪೇಟ, ಅದಕ್ಕೂ ಚಪ್ಪಾಳೆ. ನನ್ನನ್ನು ಮುರಿದ ಮಂಚಗಳ ಜೊತೆ ಗುಜರಿಗೆ ಹಾಕಿದರು.

ಗುಜರಿಯ ದಸ್ತಗೀರಸಾಬ ನನ್ನನ್ನು ನೆಲಕ್ಕೆ ಕೆಡವಿ ಬೀಗಕ್ಕೆ ಸುತ್ತಿಗೆಯಲ್ಲಿ ಒಂದೇ ಏಟು ಹಾಕಿದ. ಅಷ್ಟೇ. ಎರಡು ದೇಶ, ಒಂದು ಕೋರ್ಟು, ಒಂದು ಜೈಲು ಸೇರಿ ಎಂಟು ವರ್ಷ ಮಾಡಲಾರದ ಕೆಲಸ ಒಂದು ಏಟಿಗೆ ಮುಗಿಯಿತು. ಚೀಟಿಗಳು ಅಂಗಳಕ್ಕೆ ಸುರಿದವು, ಪುಡಿಯಾದ ಹುಣಸೆ ಎಲೆಯ ಜೊತೆ. ಅವನ ಹೆಂಡತಿ ಜೈತುನಬಿಗೆ ಓದಲು ಬರುತ್ತಿತ್ತು. ಒಂದೊಂದೇ ಬಿಡಿಸಿ ಓದಿದಳು. ಹೊಡೆತದ ಚೀಟಿಗಳಿದ್ದವು, ಔಷಧಿ ಕೇಳಿದವು ಇದ್ದವು, "ನನ್ನ ವಕೀಲ ಯಾರು?" ಎಂದಷ್ಟೇ ಬರೆದದ್ದೂ ಇತ್ತು. ಗೌರಾಬಾಯಿಯ ಅಕ್ಷರದ ಮೂರನೆಯ ಚೀಟಿಯನ್ನು ಗಂಡನಿಗೂ ಓದಿ ಹೇಳಿದಳು.

"ನನ್ನ ಮಗಳು ರುಕ್ಮಾನ್ನ ಎಲ್ಲೂ ಕಳಿಸಬ್ಯಾಡ್ರಿ. ಹಿರೇಕೊಪ್ಪದಾಗ ನನ್ನ ತಂಗಿ ಕಾಶೀಬಾಯಿ ಅದಾಳ, ಆಕಿಗೆ ಕೊಡ್ರಿ. ಗುರುವಾರ ಆರು ತುಂಬತಾವ. ಗುರುವಾರದೊಳಗ ಓದ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಯಾವ ಗುರುವಾರ ಇದು?" ಎಂದು ದಸ್ತಗೀರಸಾಬ ಕೇಳಿದ. ಚೀಟಿಯಲ್ಲಿ ತಾರೀಖು ಇರಲಿಲ್ಲ.

ಅವನು ಗುಜರಿ ಕೊಳ್ಳಲು ಆ ಕಡೆಯ ಹಳ್ಳಿಗಳಿಗೆ ಹೋಗುವವನೇ. ಮೂರು ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದ. ಬಂದು ಹೆಂಡತಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ನಿಂಬೆವ್ವ ಮಗಳನ್ನು ಬಾಲಮಂದಿರದಿಂದ ಬಿಡಿಸಿಕೊಂಡು ತಂಗಿಯ ಮನೆಯಲ್ಲೇ ಇದ್ದಾಳಂತೆ. ಆದರೆ ಹುಡುಗಿ ಎರಡು ವರ್ಷವಾದರೂ ತಾಯಿಯೊಂದಿಗೆ ಮಾತಾಡಿರಲಿಲ್ಲವಂತೆ. ಚೀಟಿ ಇಸಿದುಕೊಂಡು ಬಾಗಿಲಲ್ಲೇ ನಿಂತು ಮೂರನ್ನೂ ಓದಿದಳಂತೆ.

"ಇವನ್ನ ಯಾರಿಗೆ ಬರದಿದ್ಳು?" ಎಂದಳಂತೆ.

"ಜಡ್ಜ್ ಸಾಹೇಬ್ರಿಗೆವಾ."

"ಅವ್ರು ಓದಿದ್ರೇನು?"

"ಇಲ್ಲವಾ. ಇಲ್ಲೀತನ ಯಾರೂ ಓದಿರಲಿಲ್ಲ. ಮೊದಲ ನನ್ನ ಹೇಣ್ತಿ ಓದ್ಯಾಳ, ಈಗ ನೀನು."

ಹುಡುಗಿ ಒಳಗೆ ಹೋದಳಂತೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತಂತೆ, ಆಮೇಲೆ "ಯವ್ವಾ" ಎಂದದ್ದು ಕೇಳಿಸಿತಂತೆ. ದಸ್ತಗೀರಸಾಬ ಅಲ್ಲಿ ನಿಲ್ಲದೆ ಬಂದುಬಿಟ್ಟ.

ನನ್ನನ್ನು ಅವನು ಕರಗಿಸಲು ಕೊಡಲಿಲ್ಲ. ಉಳಿದ ಐವತ್ತೆಂಟು ಚೀಟಿಗಳನ್ನು ಮತ್ತೆ ನನ್ನೊಳಗೇ ಇಟ್ಟು ಅಂಗಡಿಯ ಮೂಲೆಯಲ್ಲಿ ಕೂರಿಸಿದ್ದಾನೆ. ಅವುಗಳಲ್ಲಿ ಊರಿನ ಹೆಸರಿಲ್ಲ, ಇರುವುದು ಬ್ಯಾರಕ್ಕಿನ ನಂಬರು ಮಾತ್ರ. ಬಣ್ಣ ಉದುರಿ ನಿಂಬೆವ್ವನ ಹೆಬ್ಬೆಟ್ಟು ನಗ್ಗಿನಲ್ಲಿ ಮತ್ತೆ ಕಾಣುತ್ತಿದೆ. ಮುಚ್ಚಳ ಸಡಿಲವಾಗಿ ನೇತಾಡುತ್ತದೆ, ಬೀಗವಿಲ್ಲ, ಮಗುವೂ ತೆಗೆಯಬಹುದು. ಕೀಲಿಕೈ ಇಲ್ಲ ಎಂಬ ನೆಪ ಹೋಯಿತು. ಇನ್ನು ಯಾವ ನೆಪ ಹೇಳುತ್ತೀರಿ, ಹೇಳಿ.