ದಿಬ್ಬದ ಮೇಲೆ ಅತ್ತೆಯ ದೋಣಿ

ನೀರು ತಣ್ಣಗಾಯಿತು, ಅಂದರೆ ಕೆಳಗೆ ಹವಳದ ದಿಬ್ಬ ಮುಗಿದು ಆಳ ಶುರುವಾಯಿತು, ಸರ್ಫಿಂಗ್ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೇನೆ, ಬೆನ್ನ ಹಿಂದೆ ನಮ್ಮ ದ್ವೀಪ ಬೋರಲು ಹಾಕಿದ ಬಟ್ಟಲಿನಷ್ಟು, ಪಕ್ಕದ ಆಳದಲ್ಲಿ ಅತ್ತೆಯ ದೋಣಿ ಗುಡುಗುಡು — ಎಂಜಿನ್ ಆರಿಸುವುದೇ ಇಲ್ಲ ಈಗ. ಮೊದಲೆಲ್ಲ ಅಲೆ ಹುಡುಕಿ ಬಂದ ಪ್ರವಾಸಿಗರನ್ನು ಇಲ್ಲಿ ಇಳಿಸಿ, ಮುಖಕ್ಕೆ ಟೋಪಿ ಮುಚ್ಚಿ ಮಲಗಿಬಿಡುತ್ತಿದ್ದರು, ಸಾಯೋಕೆ ಇಷ್ಟು ದೂರ ಬರ್ಬೇಕಾ ಇವ್ರು, ಜೊತೆಗೆ ನೀನೊಬ್ಳು, ಮನೆ ಸೊಸೆ, ಅನ್ನುತ್ತಿದ್ದರು. ನಕ್ಕು ನೀರಿಗೆ ಧುಮುಕುತ್ತಿದ್ದೆ. ವಾರವಿಡೀ ಲಾಂಡ್ರಿಯ ಆವಿಯಲ್ಲಿ ನಿಂತು ಆಸ್ಪತ್ರೆಯ ಹೊದಿಕೆಗಳ ಮೂಲೆಗೆ ಮೂಲೆ ಕೂಡಿಸಿ ಮಡಿಸು, ಮಡಿಸು, ಮಡಿಸಲಾಗದ್ದು ಒಂದಾದರೂ ಬೇಡವೇ ನನಗೆ, ಹೇಗೆ ಹೇಳುವುದು ಇದನ್ನೆಲ್ಲ ಅತ್ತೆಗೆ. ಒಂದು ತೆರೆ ಬಂತು, ಬಿಟ್ಟೆ. ಹಿಂದಿನ ಸಲ ಬಂದಿದ್ದು, ಅವತ್ತೂ ಇಲ್ಲೇ, ಅಲೆ ಕೆಡವಿತು, ಮೇಲೇಳಲು ಹೋದರೆ ಆಗುತ್ತಿಲ್ಲ, ಕಾಲಿಗೂ ಹಲಗೆಗೂ ಕಟ್ಟಿದ ಹಗ್ಗ ಹವಳದ ಬಿರುಕಿನಲ್ಲಿ ಸಿಕ್ಕಿಕೊಂಡಿದೆ, ಬಿಚ್ಚಲು ಬಗ್ಗಿದೆ, ತಲೆಯ ಮೇಲೆ ಇನ್ನೊಂದು ತೆರೆ, ಬಿಳಿ, ಎಲ್ಲೆಲ್ಲೂ ಬಿಳಿ, ಇಷ್ಟೇನಾ ಅನ್ನಿಸಿತು, ಭಯಕ್ಕಿಂತ ಬೇಜಾರು — ಯಾರೋ ಜುಟ್ಟು ಹಿಡಿದು ಎಳೆದರು, ಹಗ್ಗ ಪಟ್ಟನೆ ಕಿತ್ತು ಬಂತು, ಗಾಳಿ, ಬಿಸಿಲು, ಅತ್ತೆ. ಆಳದ ನೀರು ಬಿಟ್ಟು ಅಲೆ ಒಡೆಯುವಲ್ಲಿಗೇ ದೋಣಿ ನುಗ್ಗಿಸಿದ್ದರು, ತಳ ಬಂಡೆಗೆ ಉಜ್ಜಿ ಸೀಳುತ್ತಿತ್ತು, ಒಂದು ಕೈ ಎಂಜಿನ್ ಮೇಲೆ, ಒಂದು ಕೈ ನನ್ನ ಜುಟ್ಟಿನಲ್ಲಿ, ದೋಣಿ ಹತ್ತೇ ಮೊದ್ಲು, ಸಾಯೋದು ಆಮೇಲೆ ನೋಡ್ಕೊಳ್ಳೋಣ. ಅತ್ತೆ, ನಿಮ್ಮ ದೋಣಿ, ಎಂದೆ ಕೆಮ್ಮುತ್ತಾ. ದೋಣಿಗೆ ತೇಪೆ ಹಾಕ್ಬಹುದು ಕಣೇ, ನಿಂಗೆ ಎಲ್ಲಿ ಹಾಕ್ಲಿ.

ನನ್ನ ಗಂಡ ಹಲಗೆ ಮಾರಿಬಿಡೋಣ ಅಂದರು, ನಾನೂ ಹೂಂ ಅಂದಿದ್ದೆ, ಹಲಗೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ, ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅದು ದೋಣಿಯಲ್ಲಿದೆ. ಏನ್ ನೋಡ್ತಿದ್ದೀಯ, ಹೊರಡು, ಹೆದ್ರಿಕೆ ಮನೇಲಿ ಕೂತ್ಬಿಟ್ರೆ ಬಾಡಿಗೇನೂ ಕೊಡಲ್ಲ, ಎದ್ದೂ ಹೋಗಲ್ಲ, ಅಂದರು ಅತ್ತೆ. ತೇಪೆಯ ಡಾಂಬರಿನ ವಾಸನೆ ಇನ್ನೂ ಹೋಗಿಲ್ಲ ದೋಣಿಯಿಂದ. ಮತ್ತೊಂದು ತೆರೆ ಏಳುತ್ತಿದೆ, ದೊಡ್ಡದು, ಬಿಡಲೇ, ಕೈ ಆಗಲೇ ನೀರು ಬಗೆಯುತ್ತಿದೆ, ಎದೆಯ ಕೆಳಗೆ ಸಮುದ್ರ ಎದ್ದಿತು, ನಾನೂ ಎದ್ದೆ, ಹಸಿರು ಗೋಡೆ ಪಕ್ಕದಲ್ಲೇ ಓಡುತ್ತಿದೆ, ಕೆಳಗೆ ಹವಳ ಕಂದು, ನೇರಳೆ, ದಾಟಿದೆ, ದಾಟಿಬಿಟ್ಟೆ, ತೆರೆ ಮೆತ್ತಗೆ ಇಳಿಸಿತು. ದೋಣಿಯಿಂದ ಕೂಗು ಕೇಳಿತು, ಆಯ್ತಲ್ಲ, ಇನ್ನೊಂದು ಹಿಡಿ, ನಂಗೇನು ಅವಸರ ಇಲ್ಲ. ಏನೆಂದು ಹೇಳಲಿ ಅತ್ತೆಗೆ, ಥ್ಯಾಂಕ್ಸ್ ಅಂದರೆ ನಗುತ್ತಾರೆ, ಅವತ್ತು ದಡ ಸೇರಿ ಎಷ್ಟೋ ಹೊತ್ತಾದ ಮೇಲೂ ದೋಣಿಯಿಂದ ಇಳಿಯದೆ ಕೂತೇ ಇದ್ದರು, ಬಲಗೈ ಮುಷ್ಟಿ ಬಿಗಿದಿತ್ತು, ಬಿಡಿ ಅತ್ತೆ, ಬಂದಾಯ್ತು, ಬಿಡಿ, ಬಿಚ್ಚಲಾಗಲಿಲ್ಲ ಅವರಿಗೆ, ನಾನೇ ಬಿಚ್ಚಿದೆ, ಒಂದು ಬೆರಳು, ಇನ್ನೊಂದು, ಒಳಗೆ ನನ್ನ ಕೂದಲು, ಆ ಮುಷ್ಟಿ, ಮತ್ತೆ ಆ ಮುಷ್ಟಿ, ಬೆರಳಿಗೆ ಸುತ್ತಿಕೊಂಡ ನನ್ನ ಒದ್ದೆ ಕೂದಲು —