ಸೀಮ್ ಅಲ್ಲ, ಕೊಂಡಿ

ಮೂರನೇ ಸಲವೂ ಅದೇ ಬಂತು: "ಸೆರಗಿನ ಹತ್ತಿರ ಸೀಮ್ ಕಾಣುತ್ತಿದೆ. ಸರಿಪಡಿಸಿ."

ಕೀಬೋರ್ಡ್ ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು. ಕೀಬೋರ್ಡ್ ನನ್ನದಲ್ಲ, ಅದಕ್ಕೇ ಬಡಿಯಲಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಕೊರಿಯರ್ ಆಫೀಸಿನ ಮೇಲೆ, ಆರು ಕಂಪ್ಯೂಟರಿನ ಕೋಣೆ ನಮ್ಮದು. ಬೆಂಗಳೂರಿನ ಕಂಪನಿ ವಿಡಿಯೋ ಗೇಮ್ ಮಾಡುತ್ತದೆ, ನಾವು ಅದಕ್ಕೆ ಬಟ್ಟೆ, ಗೋಡೆ, ಕಲ್ಲು ಬಳಿದುಕೊಡುತ್ತೇವೆ. ಆಟದೊಳಗಿನ ಗೊಂಬೆಯ ಮೈಯನ್ನು ಕಂಪ್ಯೂಟರಿನಲ್ಲಿ ಸುಲಿದು, ಹಾಳೆಯಂತೆ ಹರವಿ, ಬಣ್ಣ ಹಚ್ಚಿ ಮತ್ತೆ ಸುತ್ತುವುದು ನನ್ನ ಕೆಲಸ. ಅಂಚಿಗೆ ಅಂಚು ಕೂಡದಿದ್ದರೆ ಗೆರೆ ಬೀಳುತ್ತದೆ. ಆ ಗೆರೆಗೆ ಸೀಮ್ ಅನ್ನುತ್ತಾರೆ. ಅದು ತಪ್ಪು, ಒಪ್ಪಿದೆ.

ಆದರೆ ನಾನು ಬಳಿದದ್ದು ಇಳಕಲ್ ಸೀರೆ. ಕೇಳಿದವರೂ ಅವರೇ, "ಅಸಲಿ ಇಳಕಲ್ ಇರಲಿ" ಅಂದವರೂ ಅವರೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಅದೇ ಕೊಂಡಿ. ಹನ್ನೊಂದು ದಿನ ಕೂತು ಬಳಿದ ಆ ಕೊಂಡಿಯ ಸುತ್ತ ಯಾವನೋ ಪರೀಕ್ಷಕ ಕೆಂಪು ಸುತ್ತು ಎಳೆದು ಕಳಿಸಿದ್ದ.

ಬೆಂಗಳೂರಿನಿಂದ ನಮ್ಮ ಕೆಲಸ ನೋಡಿಕೊಳ್ಳುವ ಆರ್ಟ್ ಲೀಡ್ ಪ್ರಿಯದರ್ಶಿನಿ ಮೇಡಂಗೆ ಫೋನ್ ಹಚ್ಚಿದೆ.

"ಮೇಡಂ, ಅದು ಸೀಮ್ ಅಲ್ರಿ, ಕೊಂಡಿ ಐತ್ರಿ. ಸೀರಿನ ಹಂಗಿರತದ."

"ಇರಬಹುದು ಮಲ್ಲು. ಆದ್ರೆ ಆಡೋರಿಗೆ ಅದು ಗೊತ್ತಿರಲ್ಲ. ತಪ್ಪು ಅಂದ್ಕೋತಾರೆ."

"ಗೊತ್ತಿಲ್ಲದವ್ರ ಸಲವಾಗಿ ಗೊತ್ತಿದ್ದದ್ದು ಅಳಸಬೇಕೇನ್ರಿ?"

"ನಾಳೆ ಮಧ್ಯಾಹ್ನದೊಳಗೆ ಬೇಕು. ನಿನ್ ಕೈಲಿ ಆಗಲ್ಲ ಅಂದ್ರೆ ಯಾಸೀನ್ ಮಾಡ್ತಾನೆ. ಕ್ರೆಡಿಟ್ಸಲ್ಲಿ ಅವನ ಹೆಸರು ಬರುತ್ತೆ."

ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಯಾವ ಪ್ರಮಾಣಪತ್ರದಲ್ಲೂ ಇಲ್ಲದ ಹೆಸರು ಆಟದ ಕೊನೆಗೆ ಬರುತ್ತದೆ ಎಂದು ಇಡೀ ಓಣಿಗೆ ಹೇಳಿಬಿಟ್ಟಿದ್ದೆ.

ಪಕ್ಕದ ಕುರ್ಚಿಯ ಯಾಸೀನ ಎಲ್ಲ ಕೇಳಿಸಿಕೊಂಡಿದ್ದ. "ನೀನ ಅಳಸಿ ಕೊಡು ಲೇ. ನಾ ಅಳಸಿದ್ರ ಮುಂದ ನನ್ನ ಮಾರಿ ನೋಡಂಗಿಲ್ಲ ನೀ."

"ಮುಟ್ಟಿದ್ರ ಕೈ ಮುರೀತೇನಿ."

"ಎಡಗೈ ಮುರಿ. ಬಲಗೈಲೆ ಮೌಸ್ ಹಿಡೀಬೇಕು."

ನಗು ಬರಲಿಲ್ಲ. ಸಂಜೆ ನನ್ನೂರಿಗೆ ಹೊರಟೆ. ಅಮೀನಗಡ, ಹುನಗುಂದ ದಾಟಿ ಇಳಕಲ್ ಮುಟ್ಟುವ ತನಕ ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಕೂತೆ.

ಅವ್ವ ಬೋರವ್ವ ಮಗ್ಗದ ಮುಂದೆ ಕೊಂಡಿಯನ್ನೇ ಹಾಕುತ್ತಿದ್ದಳು. ಫೋನಿನಲ್ಲಿ ನನ್ನ ಸೀರೆ ತೋರಿಸಿದೆ. "ನೋಡಬೇ ಯವ್ವಾ, ಇದನ್ನ ತಪ್ಪಂತಾರ ಆ ಮಂದಿ."

ಅವಳು ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ತಪ್ಪ ಐತಿ."

"ಏನಂದಿ?"

"ಇದ್ಯಾವ ಕೊಂಡಿನೋ? ಹಗ್ಗ ಕಟ್ಟಿದಂಗ ಐತಿ. ಹೊಸದಾಗಿ ಕಲಿಯಾಕತ್ತವ್ರು ಹಿಂಗ ಹಾಕ್ತಾರ. ಚಲೋ ಕೊಂಡಿ ಕಣ್ಣಿಗೆ ಬೀಳಂಗಿಲ್ಲ, ಬೆರಳಿಗೆ ಹತ್ತತದ. ಈ ಮನ್ಯಾಗ ಹುಟ್ಟಿ ಇಷ್ಟೂ ಗೊತ್ತಿಲ್ಲ?"

ನನ್ನ ಬೆರಳು ಹಿಡಿದು ನೇಯ್ದ ಸೀರೆಯೊಂದರ ಮೇಲೆ ಎಳೆದಳು. ಕೂಡಿದಲ್ಲಿ ಸಣ್ಣ ಉಬ್ಬು, ಅಷ್ಟೇ. ನಾನು ತೀರ ಹತ್ತಿರದಿಂದ ಫೋಟೋ ತೆಗೆದು, ಆ ಫೋಟೋ ನೋಡಿ ಬಳಿದಿದ್ದೆ. ಮಗ್ಗಕ್ಕೆ ಕೂರಲೊಲ್ಲೆ ಎಂದು ಓಡಿಹೋದವನಿಗೆ ಬೆರಳಿನ ಮಾತು ಹೇಗೆ ಗೊತ್ತಿರಬೇಕು? ಬೆಂಗಳೂರಿನವರು ತಪ್ಪು ಅಂದದ್ದು ಸರಿ, ಅಂದ ಕಾರಣ ತಪ್ಪು. ಹೀಗಾಗಿ ಯಾರನ್ನು ಬೈಯಬೇಕೋ ತಿಳಿಯದೆ ಇನ್ನಷ್ಟು ಉರಿಯಿತು.

ಮರುದಿನ ಮೊದಲ ಬಸ್ಸಿಗೇ ಹೋದೆ. ಬಣ್ಣದಲ್ಲಿದ್ದ ಗೆರೆಯನ್ನು ಪೂರ್ತಿ ತೆಗೆದೆ. ಬಣ್ಣದ ಹೊರತಾಗಿ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಉಬ್ಬು ತೋರುವ ಪದರವೊಂದಿದೆ, ಅದರಲ್ಲಿ ಕೊಂಡಿಗಳನ್ನು ಒಂದೊಂದಾಗಿ ಕೂಡಿಸಿದೆ. ಹನ್ನೊಂದೂವರೆಗೆ ಕಳಿಸಿದೆ. ಹನ್ನೆರಡಕ್ಕೆ ಉತ್ತರ ಬಂತು: "ಸೀಮ್ ತೆಗೆದಿದ್ದಾರೆ. ಪಾಸ್."

ತೆಗೆದಿದ್ದಾರಂತೆ. ಪಾಸ್ ಆಗಿ ಮುಚ್ಚಿದ್ದ ಆ ದೂರನ್ನು ನಾನು ಕಂಪ್ಯೂಟರಿನಲ್ಲಿ ಮತ್ತೆ ತೆರೆದು ಬರೆದೆ: "ತೆಗೆದಿಲ್ಲ. ಅದು ಸೀಮ್ ಅಲ್ಲ, ಕೊಂಡಿ. ಅಲ್ಲೇ ಇದೆ. ಕಣ್ಣು ಬಿಟ್ಟು ನೋಡಿ."

ಮೇಡಂ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಪಾಸ್ ಆದದ್ದನ್ನ ಯಾಕೆ ತೆರೆದೆ?"

"ಅದು ಅಲ್ಲೇ ಐತಿ ಅಂತ ಹೇಳಾಕ್ರಿ."

"ಇದ್ರೆ ತೆಗಿ."

"ತಗಿಯಂಗಿಲ್ರಿ."

ಮೇಡಂ ನನ್ನನ್ನು ಬಿಟ್ಟು ಪಕ್ಕದವನನ್ನು ಕರೆದರು. "ಯಾಸೀನ್, ಆ ಫೈಲ್ ನೋಡು. ಗೆರೆ ಇದ್ರೆ ನೀನೇ ಅಳಿಸು."

ಯಾಸೀನ ಸೆರಗನ್ನು ದೊಡ್ಡದು ಮಾಡಿದ. ಬೆಳಕನ್ನು ಓರೆಗೆ ತಿರುಗಿಸಿದ. ನೂರಾರು ಸಣ್ಣ ಕೊಂಡಿಗಳು ಸಾಲಾಗಿ ಎದ್ದವು. ನೋಡುತ್ತ ಕೂತ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕಾಲನ್ನು ಒತ್ತಿ ತುಳಿದ.

"ಏನೂ ಇಲ್ರಿ ಮೇಡಂ. ಇವಂದು ತಲಿ ಕೆಟ್ಟೈತಿ, ಮೂರು ದಿನದಿಂದ ಸರಿ ಉಂಡಿಲ್ಲ."

"ಹಾಗಾದ್ರೆ ಮುಚ್ಚು ಅದನ್ನ. ಮಲ್ಲು ಹೆಸರಲ್ಲೇ ಹೋಗಲಿ."

ಫೋನ್ ಇಟ್ಟ ಮೇಲೆ ಅವನ ಕೊರಳಪಟ್ಟಿ ಹಿಡಿದೆ. "ಐತಿ ಅನ್ನಾಕ ಏನಾಗಿತ್ತಲೇ ನಿನಗ?"

"ಅಂದಿದ್ರ ಅಳಸಬೇಕಾಗಿತ್ತು. ಅಳಸ್ಲೇನು?"

ಅವನ ಮಾತು ಸರಿ. ಸರಿಯಿದ್ದದ್ದಕ್ಕೇ ಅವನ ಕುರ್ಚಿಗೆ ಒದ್ದೆ. ಅವ್ವನ ಬೆರಳಿನ ಕೆಲಸ ಆ ಆಟದೊಳಗೆ ಹೋಗಬೇಕಾದರೆ "ಏನೂ ಇಲ್ಲ" ಎಂದು ಹೇಳಿಸಿಕೊಂಡೇ ಹೋಗಬೇಕಾಯಿತು. ಪರದೆಯ ಮೇಲೆ "ಸೀಮ್ ಸರಿಪಡಿಸಲಾಗಿದೆ" ಎಂಬ ಸಾಲು, ಅದರ ಪಕ್ಕ ನನ್ನ ಹೆಸರು. ನಾನು ಅದನ್ನು ಓದಿದಷ್ಟು ಸಲವೂ ಯಾಸೀನ ಕುರ್ಚಿಯನ್ನು ಇನ್ನಷ್ಟು ದೂರ ಸರಿಸಿಕೊಂಡ.