ಬೆನ್ನು ಮುಂದಾಗಿ ನಡೆದ ತುರೆಲ್

ಆನ್ಸೆಲ್ಮ್ ತುರೆಲ್ ಹಿಂದಕ್ಕೆ ನಡೆಯುತ್ತಿದ್ದರು. ಕುಡಿದಲ್ಲ, ಹುಡುಗಾಟಕ್ಕಲ್ಲ, ಯಾರನ್ನೋ ನಗಿಸುವುದಕ್ಕಂತೂ ಅಲ್ಲವೇ ಅಲ್ಲ. ಪ್ಯಾರಿಸ್ಸಿನ ಹೊರವಲಯದಲ್ಲಿ, ಮಾರ್ನ್ ನದಿಯ ದಂಡೆಗಿದ್ದ ಸ್ಟುಡಿಯೋದ ಅಂಗಳದಲ್ಲಿ, ಬೆಳಗಿನ ಬಿಸಿಲು ಇನ್ನೂ ಕಲ್ಲುಹಾಸಿಗೆ ಇಳಿಯುವ ಮೊದಲೇ, ಕಂದು ಬಣ್ಣದ ಹಳೆಯ ಕೋಟನ್ನು ಮೈಗೇರಿಸಿಕೊಂಡು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ತಂದು, ಕಾಣದ ಯಾವುದೋ ಎಳೆಯನ್ನು ಬಿಡಿಸಿ ಬಿಡಿಸಿ ಕೊಡುವವರಂತೆ ಬೆರಳಾಡಿಸುತ್ತ, ಆ ದಿನದ ಮಾತುಗಳನ್ನು ಗುನುಗುತ್ತ, ಫ್ರಾನ್ಸ್ ದೇಶಕ್ಕೆ ದೇಶವೇ ಮುಖ ಬಲ್ಲ ಆ ಮಹಾನಟ ಬೆನ್ನು ಮುಂದಾಗಿ ಮಂದಗತಿಯಲ್ಲಿ ಸಾಗುತ್ತಿದ್ದರು. ಹಲಗೆ ಹೊತ್ತ ಬಡಗಿಗಳು "ದಾರಿ ಬಿಡ್ರಪ್ಪೋ, ಉಲ್ಟಾ ರೈಲು ಬಂತು!" ಎಂದು ಕೂಗಿ ಪಕ್ಕಕ್ಕೆ ಸರಿಯುತ್ತಿದ್ದರು. ಅಂಗಳದ ಈ ತುದಿಯಿಂದ ಆ ತುದಿಗೆ ಆರು ಸಲ ನಡೆದರೆ ಮಾತು ಕಂಠಸ್ಥವಾಯಿತೆಂದೇ ಲೆಕ್ಕ. ಆಮೇಲೆ ಅವರು ಕಾಗದ ಮುಟ್ಟುತ್ತಿರಲಿಲ್ಲ.

ಈ ನಡಿಗೆ ಪಿತ್ರಾರ್ಜಿತ. ದಕ್ಷಿಣದ ಸೆತ್ ಬಂದರಿನಲ್ಲಿ ಅವರ ತಂದೆ ಹಡಗಿಗೆ ಹಗ್ಗ ಹೊಸೆಯುತ್ತಿದ್ದವರು. ಸೊಂಟಕ್ಕೆ ನಾರಿನ ಸಿಂಬೆ ಸುತ್ತಿಕೊಂಡು, ಒಂದು ಎಳೆಯನ್ನು ಚಕ್ರಕ್ಕೆ ಸಿಕ್ಕಿಸಿ, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ಹೆಜ್ಜೆಯಿಡಬೇಕು. ತಾನು ಹಿಂದೆ ಹೋದಷ್ಟೂ ಹಗ್ಗ ಮುಂದೆ ಬೆಳೆಯುತ್ತದೆ. ಅಪ್ಪನ ಜೊತೆ ಹಿಂದಕ್ಕೆ ನಡೆಯುತ್ತಲೇ ಮಗ ಮಗ್ಗಿ ಕಲಿತ, ಪ್ರಾರ್ಥನೆ ಕಲಿತ, ಬೈಗುಳವನ್ನೂ ಕಲಿತ. "ನಮ್ಮಪ್ಪ ಇಗರ್ಜಿಗೂ ಬೆನ್ನು ಮುಂದೆ ಮಾಡ್ಕೊಂಡೇ ಹೋಗೋರು. ಪಾದ್ರಿಗಿಂತ ಮೊದ್ಲು ಅವರ ಅಂಡೇ ದೇವರಿಗೆ ಕಾಣೋದು" ಎಂದು ತುರೆಲ್ ಹೇಳುತ್ತಿದ್ದರು. ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು.

ಉಕ್ಕಿನ ತಂತಿ ಬಂದು ಹಗ್ಗದ ಕೆಲಸ ಮುಚ್ಚಿಹೋದಾಗ, ಅಪ್ಪನ ಕಂದು ಕೋಟೊಂದನ್ನು ಹೊತ್ತು ಇಪ್ಪತ್ತೆರಡರ ತುರೆಲ್ ಪ್ಯಾರಿಸ್ಸಿಗೆ ಬಂದು, ನಾಟಕಶಾಲೆಯೊಂದರಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿದರು. ಗ್ರಹಚಾರ ನೋಡಿ! ರಂಗದ ಮೇಲೆ ಯಾರೂ ಬಾಯಿಬಿಟ್ಟು ಹೇಳಬಾರದ ಮಾತೊಂದಿದ್ದರೆ, ಅದು ಹಗ್ಗ. ಹಿಂದೆ ನಾವಿಕರೇ ರಂಗದ ಪರದೆ ಎಳೆಯುತ್ತಿದ್ದ ಕಾಲದಿಂದ ಬಂದ ಅಪಶಕುನ ಅದು. ದೀಪ ಹಚ್ಚಿದ ಮೇಲೆ ಹಾವನ್ನು ಹುಳ ಎನ್ನುವಂತೆ ಅಲ್ಲಿ ಹಗ್ಗವನ್ನು ನೂಲು ಎನ್ನಬೇಕು. ತಪ್ಪಿ ಅಂದವನು ಅಲ್ಲಿದ್ದವರಿಗೆಲ್ಲ ಒಂದೊಂದು ಲೋಟ ವೈನ್ ಕೊಡಿಸಬೇಕು. ಹಗ್ಗದವರ ಮಗ ಮೊದಲ ದಿನ, ಮೊದಲ ಗಳಿಗೆಯಲ್ಲೇ, ಮೇಲೆ ನೋಡಿ, "ಅಬ್ಬಾ, ಎಂಥಾ ಒಳ್ಳೇ ಹಗ್ಗ!" ಎಂದುಬಿಟ್ಟರು. ಕೊಡಿಸಲು ಜೇಬಿನಲ್ಲಿ ಏನೂ ಇಲ್ಲ. "ಹಾಗಾದ್ರೆ ನಗ್ಸು" ಎಂದರು ಪರದೆಯವರು. ತುರೆಲ್ ಸುಮ್ಮನೆ ತಮ್ಮಪ್ಪನಂತೆ ನಡೆದು ತೋರಿಸಿದರು: ನಾರು ಬಿಡುತ್ತ, ಹಿಂದಕ್ಕೆ, ಬೆನ್ನ ಹಿಂದಿನ ನೆರೆಯವಳಿಗೆ ಢಿಕ್ಕಿ ಹೊಡೆದು ಕ್ಷಮೆ ಕೇಳುತ್ತ. ಹೊಟ್ಟೆ ಹುಣ್ಣಾಗುವಂತೆ ನಕ್ಕವರಲ್ಲಿ ನಾಟಕಶಾಲೆಯ ಯಜಮಾನನೂ ಒಬ್ಬನಿದ್ದ. ಮರುವಾರ ಅವರಿಗೆ ಮಾತಿಲ್ಲದ ಪಾತ್ರ, ಮರುವರ್ಷ ಮಾತಿನ ಪಾತ್ರ. ಆಮೇಲೆ ಸಿನಿಮಾ ಬಂದು ಎತ್ತಿಕೊಂಡು ಹೋಯಿತು.

ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ನ್ಯಾಯಾಧೀಶರಾದರು, ಜೇಬುಗಳ್ಳರಾದರು, ಪಾದ್ರಿಯಾದರು, ದಂಡನಾಯಕರಾದರು. ಆದರೆ ಆ ಕಂದು ಕೋಟು ಮಾತ್ರ ಪ್ರತಿಯೊಂದರಲ್ಲೂ ಎಲ್ಲಾದರೂ ಒಂದು ಕಡೆ ಇರಲೇಬೇಕೆಂದು ಹಟ. ಮೈಮೇಲಿಲ್ಲದಿದ್ದರೆ ಗೂಟದ ಮೇಲೆ, ಗೂಟವಿಲ್ಲದಿದ್ದರೆ ಕುರ್ಚಿಯ ಮೇಲೆ. ಚಿತ್ರಮಂದಿರದಲ್ಲಿ ಜನ "ಅಗೋ ಕೋಟು!" ಎಂದು ಕೂಗುವುದಕ್ಕೇ ಕಾದಿರುತ್ತಿದ್ದರು. ಒಮ್ಮೆ ರಾಜನ ಪಾತ್ರ ಬಂದಾಗ ನಿರ್ದೇಶಕ ತಲೆ ಚಚ್ಚಿಕೊಂಡ. "ನಾನೂರು ವರ್ಷದ ಹಿಂದಿನ ಅರಮನೇಲಿ ಈ ಕೋಟು ಎಲ್ಲಿಂದ ಬರ್ಬೇಕು ಸ್ವಾಮಿ?" ಎಂದರೆ, "ಆಗ ಚಳಿ ಇರ್ಲಿಲ್ವೇನಪ್ಪ?" ಎಂದರು ತುರೆಲ್. ಕೊನೆಗೆ ಅದು ರಾಜನ ನಾಯಿಯ ಹಾಸಿಗೆಯಾಗಿ ತೆರೆಗೆ ಬಂತು.

ಈ ಕೋಟಿಗೆ ಮೂವತ್ತೊಂದು ವರ್ಷ ಆರೈಕೆ ಮಾಡಿದವಳು ಒದಿಲ್ ಮರ್ಶಾಲ್. ನಟರಿಗೆ ಉಡುಪು ತೊಡಿಸುವುದು ಆಕೆಯ ಕೆಲಸ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಆಡಿದರೆ ಸೂಜಿಯದೇ ಮೊನೆ. ಒಳಗಿನ ಬಟ್ಟೆಯನ್ನು ಏಳು ಸಲ ಬದಲಾಯಿಸಿದ್ದಳು, ಮೊಣಕೈಗೆ ತೇಪೆ ಹಾಕಿ ಆ ತೇಪೆಗೂ ತೇಪೆ ಹಾಕಿದ್ದಳು. ಅಪಶಕುನಗಳಲ್ಲಿ ಆಕೆಗಿದ್ದ ಶ್ರದ್ಧೆ ದೇವರಲ್ಲಿ ಇತ್ತೋ ಇಲ್ಲವೋ. ರಂಗದಿಂದ ಸ್ಟುಡಿಯೋಕ್ಕೂ ಬಂದಿದ್ದ ಆ ನಿಷಿದ್ಧ ಪದ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಆಕೆಯ ಬಾಯಿಂದ ಬಂದಿರಲಿಲ್ಲ. ತುರೆಲ್ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ತಪ್ಪುತ್ತಿದ್ದರು. ಎಲ್ಲರೂ ಇದನ್ನು ಮುದುಕರ ಅಜಾಗರೂಕತೆ ಎಂದುಕೊಂಡಿದ್ದರು; ಒದಿಲ್ ಒಬ್ಬಳು ಗಮನಿಸಿದ್ದಳು. ಬಡಗಿ ಗಸ್ಪಾರನಿಗೆ ಮೊಮ್ಮಗಳು ಹುಟ್ಟಿ, ಸಂತೋಷ ಹಂಚಲು ಕೈಯಲ್ಲಿ ಏನೂ ಇಲ್ಲದೆ ಆತ ಮೂಲೆ ಸೇರಿದ್ದಂಥ ದಿನಗಳಲ್ಲೇ ತುರೆಲ್ ಬಾಯಿ ಜಾರುತ್ತಿತ್ತು. "ಅಯ್ಯೋ, ಹಗ್ಗ ಅಂದ್ಬಿಟ್ನಲ್ಲಪ್ಪ! ನಡೀರಿ ನಡೀರಿ, ಬರ್ತಳ ಅಂಗಡಿಗೆ!" ಎದುರು ಬೀದಿಯ ಬರ್ತಳ ಕೆಫೆಯಲ್ಲಿ ಈರುಳ್ಳಿ ಸಾರು, ಬಿಳಿ ವೈನ್, ಗಸ್ಪಾರನ ಮೊಮ್ಮಗಳ ಹೆಸರಿನಲ್ಲಿ ಜಯಕಾರ. ದಾನವನ್ನು ದಂಡವೆಂದು ಹೆಸರಿಟ್ಟು ಕೊಡುವ ಮನುಷ್ಯರು ಎಷ್ಟು ಜನ ಸಿಕ್ಕಾರು?

ಅವರಿಗೆ ಅರವತ್ತೇಳು ತುಂಬಿದ ವರ್ಷ, ಹಿಂದಕ್ಕೆ ನಡೆಯುತ್ತಿದ್ದಾಗ ಅಂಗಳದ ಮೆಟ್ಟಿಲು ತಪ್ಪಿ ಬಿದ್ದು ಮೊಣಕಾಲು ಮುರಿಯಿತು. ವಿಮೆಯವರು ಇನ್ನು ಹಿಮ್ಮುಖ ನಡಿಗೆ ಕೂಡದೆಂದು ಕರಾರಿನಲ್ಲೇ ಬರೆಸಿದರು. ಅಂದಿನಿಂದ ತುರೆಲ್ ಎಲ್ಲರಂತೆ ಕುರ್ಚಿಯಲ್ಲಿ ಕೂತು ಕಾಗದ ಓದಿದರು, ಓದಿದ್ದು ನಿಲ್ಲಲಿಲ್ಲ. ಮೊದಲು ಒಂದು ಪದ, ಆಮೇಲೆ ಒಂದು ಸಾಲು, ಆಮೇಲೆ ಇಡೀ ಮಾತು ಜಾರಿಹೋಗತೊಡಗಿತು. ಒಂದು ದಿನ ಉಡುಪಿನ ಕೋಣೆಯಲ್ಲಿ ಒದಿಲಳ ಎದುರು ಕೂತು, "ಒಳಗೆಲ್ಲ ಖಾಲಿ ಕಣೆ, ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು. ಒದಿಲ್ ಬಾಯಿಂದ ಸೂಜಿ ತೆಗೆದು, "ಕೋಟು ಕೊಡಿ ಇಲ್ಲಿ" ಎಂದಳು. ಅಂದಿನಿಂದ ಎರಡು ವರ್ಷ, ಅವರ ಮಾತುಗಳನ್ನೆಲ್ಲ ಆಕೆ ತೋಳಿನಂಚಿನ ಒಳಗೆ, ಎದೆಯ ಮಡಿಕೆಯಲ್ಲಿ, ಕಪ್ಪು ದಾರದಿಂದ ಪುಟ್ಟ ಅಕ್ಷರಗಳಲ್ಲಿ ಹೊಲಿದುಕೊಟ್ಟಳು. ಪಾತ್ರಕ್ಕೆ ಕೋಟು ಹೊಂದದಿದ್ದಲ್ಲಿ ನಿರ್ದೇಶಕರ ಕಾಲುಹಿಡಿದು ಹೊಂದಿಸಿದಳು. ಪತ್ರಿಕೆಯವರು, "ವಯಸ್ಸಾದ ಹಾಗೆ ತುರೆಲ್ ಅವರ ಕೋಟು ಸರಿಪಡಿಸಿಕೊಳ್ಳುವ ಅಭಿನಯ ಎಷ್ಟು ಸಹಜವಾಗುತ್ತಿದೆ!" ಎಂದು ಬರೆದರು. ಓದಿ ಇಬ್ಬರೂ ಬಾಗಿಲು ಹಾಕಿಕೊಂಡು ಬಿದ್ದು ಬಿದ್ದು ನಕ್ಕರು.

ಆದರೆ ಗುಟ್ಟಿಗೂ ಆಯುಷ್ಯವಿರುತ್ತದೆ. ಆ ವಸಂತದ ಚಿತ್ರದಲ್ಲಿ ತುರೆಲ್ ಮದುವೆಯ ಹೆಣ್ಣಿನ ತಂದೆ. ಮಗಳನ್ನೂ ಅಳಿಯನನ್ನೂ ಎದುರು ನಿಲ್ಲಿಸಿಕೊಂಡು ನಾಲ್ಕು ನಿಮಿಷ, ನಡುವೆ ಕತ್ತರಿಯಿಲ್ಲದ ಒಂದೇ ಮಾತು. ಮದುವೆಯಾದ್ದರಿಂದ ಕಪ್ಪು ಸೂಟು; ಕೋಟು ದೂರದ ಗೂಟದ ಮೇಲೆ. ಹನ್ನೊಂದು ಸಲ ಕ್ಯಾಮೆರಾ ತಿರುಗಿತು, ಹನ್ನೊಂದು ಸಲವೂ ತುರೆಲ್ ನಡುವೆಯೇ ಮಾತು ಮರೆತು ನಿಂತರು. ನಿರ್ಮಾಪಕ ಲಕಾಝ್ ಗಡಿಯಾರ ನೋಡಿಕೊಂಡು, "ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಕಥೆ ಆಯ್ತು. ಊಟದ ಹೊತ್ತಿಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ. ಮರೆಯೋ ನಟ ಅಂತ ಊರಿಗೆಲ್ಲ ಗೊತ್ತಾದ್ಮೇಲೆ ಮತ್ಯಾರೂ ಕರೆಯಲ್ಲ, ನೋಡ್ಕೊಳ್ಳಿ" ಎಂದ. ತುರೆಲ್ ತಲೆ ತಗ್ಗಿಸಿ ನಿಂತಿದ್ದರು. ಹೊಟ್ಟೆಯ ಮುಂದೆ ಅವರ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಒದಿಲ್ ಆ ಬೆರಳುಗಳನ್ನು ಕಂಡಳು. ತಾನು ಎರಡು ವರ್ಷ ಹೊಲಿದದ್ದು ಬರೀ ತೇಪೆ, ಹರಿದದ್ದು ಬೇರೆಲ್ಲೋ!

ಬಾಯಲ್ಲಿದ್ದ ಸೂಜಿಗಳನ್ನು ಉಗುಳಿದಳು. "ಗಸ್ಪಾರ್, ಹಗ್ಗ ತಾ!"

ದೀಪದ ಏಣಿಯ ಮೇಲಿದ್ದವನು ಶಿಲುಬೆಯ ಗುರುತು ಮಾಡಿಕೊಂಡ. ಗಸ್ಪಾರ್ ಬಾಯಿ ತೆರೆದು, "ಏನಂದ್ರಿ ಒದಿಲಮ್ಮ?" ಎಂದ.

"ಹಗ್ಗ ಅಂದೆ. ಹಗ್ಗ! ಕಿವಿ ಕೇಳಲ್ವಾ? ಇವರು ನಿಂತ್ಕೊಂಡು ಮಾತಾಡೋದು ಬೇಡ. ಮಗಳನ್ನೂ ಅಳಿಯನ್ನೂ ಬಾಗಿಲಿಂದ ಊಟದ ಮೇಜಿನ ತನಕ ಕರ್ಕೊಂಡು ಹೋಗ್ಲಿ, ಅವರ ಮುಖಾನೇ ನೋಡ್ತಾ, ಹಿಂದಕ್ಕೆ ನಡ್ಕೊಂಡು. ಕ್ಯಾಮೆರಾ ಎದುರಿಗಿರತ್ತೆ, ಬೆನ್ನು ಯಾರಿಗೆ ಕಾಣತ್ತೆ?"

"ವಿಮೆ!" ಎಂದು ಕಿರುಚಿದ ಲಕಾಝ್. "ಬಿದ್ರೆ?"

"ಬಿದ್ರೆ ನನ್ನ ಮೇಲೆ ಬೀಳ್ತಾರೆ. ನಾನೇನು ಕಡಿಮೆ ಮೆತ್ತಗಿದ್ದೀನಾ?"

ನಿರ್ದೇಶಕ ನಕ್ಕುಬಿಟ್ಟ, ನಕ್ಕವನು ಬೇಡವೆನ್ನಲಾರದೆ ಒಪ್ಪಿದ. ತುರೆಲ್ ಮೊದಲು ಬಾಗಿಲಿಂದ ಮೇಜಿಗೆ ಆರು ಸಲ ಹಿಮ್ಮುಖವಾಗಿ ನಡೆದರು, ಗುನುಗುತ್ತ, ಬೆರಳಾಡಿಸುತ್ತ; ಕೆನ್ನೆಗೆ ರಕ್ತವೇರಿತು. ಕಪ್ಪು ಸೂಟಿನ ಒಳಗೆ ಸೊಂಟಕ್ಕೆ ಹಗ್ಗದ ಒಂದು ತುದಿ ಕಟ್ಟಿದರು. ಇನ್ನೊಂದು ತುದಿಯನ್ನು ಒದಿಲ್ ತನ್ನ ಸೊಂಟಕ್ಕೆ ಸುತ್ತಿಕೊಂಡು, ಅವರ ಮರೆಯಲ್ಲಿ ಅವರಿಗೆ ಬೆನ್ನು ಕೊಟ್ಟು, ದಾರಿ ನೋಡುತ್ತ ಬಾಗಿ ಮುಂದೆ ನಡೆದಳು. ಕ್ಯಾಮೆರಾ ತಿರುಗಿತು. ಮಾತು ಬಂತು. ಎಳೆ ಕಡಿಯದೆ, ಗಂಟು ಬೀಳದೆ, ಮಗಳ ಹುಟ್ಟಿನಿಂದ ಮದುವೆಯ ತನಕದ ನಾಲ್ಕು ನಿಮಿಷದ ಮಾತು ಆ ಮುದಿ ಬೆರಳುಗಳ ನಡುವಿನಿಂದ ಹೊಸೆದು ಹೊಸೆದು ಹೊರಬಂತು. ಮದುಮಗಳ ಪಾತ್ರದವಳು ಪಾತ್ರ ಮರೆತು ಅತ್ತಳು. ಅವರ ಬದುಕಿನ ಶ್ರೇಷ್ಠ ಅಭಿನಯವೆಂದು ಮುಂದೆ ಎಲ್ಲರೂ ಕೊಂಡಾಡಿದ ಆ ದೃಶ್ಯವನ್ನು ಒದಿಲ್ ಒಬ್ಬಳು ನೋಡಲಿಲ್ಲ. ಸೊಂಟಕ್ಕೆ ತಗಲುತ್ತಿದ್ದ ಹೆಜ್ಜೆಗಳಷ್ಟೇ ಅವಳಿಗೆ ಗೊತ್ತಾದದ್ದು. ಅವು ಒಂದೂ ತಪ್ಪಲಿಲ್ಲ.

ಚಪ್ಪಾಳೆ ನಿಂತ ಮೇಲೆ ತುರೆಲ್ ಗಂಭೀರವಾಗಿ ಕೇಳಿದರು: "ಇಲ್ಲಿ ಯಾರೋ ಒಂದು ಕೆಟ್ಟ ಮಾತಾಡಿದ ಹಾಗಿತ್ತಲ್ಲ?"

"ನಾನೇ ಆಡ್ದೆ. ಎಲ್ಲರಿಗೂ ನಾನೇ ಕೊಡಿಸ್ತೀನಿ" ಎಂದಳು ಒದಿಲ್, ಕಣ್ಣೀರು ಮೂಗು ಎರಡನ್ನೂ ಒರೆಸಿಕೊಳ್ಳುತ್ತ.

"ನೀನು ಮೂರು ಸಲ ಅಂದೆ. ಹಗ್ಗ, ಹಗ್ಗ, ಹಗ್ಗ, ಹಗ್ಗ! ನಂದು ನಾಲ್ಕು. ನಾನೇ ಗೆದ್ದೆ, ನಡಿ." ಗೂಟದ ಮೇಲಿನ ಕೋಟು ಹಾಕಿಕೊಂಡು, ಸೊಂಟದ ಗಂಟನ್ನೂ ಬಿಚ್ಚದೆ, ಬೀದಿ ದಾಟಿ ಬರ್ತಳ ಕೆಫೆಯ ತನಕ ಅವರು ಹಿಂದಕ್ಕೇ ನಡೆದರು. ಮುಂದೆ ದಾರಿ ತೋರುತ್ತ ಒದಿಲ್ ಎಳೆಯುತ್ತಿದ್ದಳು; ಬಸ್ಸೊಂದು ನಿಂತು ದಾರಿ ಬಿಟ್ಟಿತು. ಅಲ್ಲಿ ಸಾರು ಬರುವಷ್ಟರಲ್ಲಿ, ಕೋಟನ್ನು ತೊಡೆಯ ಮೇಲೆ ಹರವಿಕೊಂಡು, ಆಕೆ ಎರಡು ವರ್ಷದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚಿಹಾಕಿದಳು.

ದೊಡ್ಡ ಕಲಾವಿದರಲ್ಲಿ ಹಗ್ಗ ಹೊಸೆಯುವವರ ಒಂದು ಕುಲವಿದೆ. ಅವರ ಕಣ್ಣು ಯಾವಾಗಲೂ ಬಿಟ್ಟುಬಂದ ಜಾಗದ ಮೇಲೆ, ಕಾಲು ಮಾತ್ರ ಕಾಣದ ಕಡೆಗೆ. ಅವರು ಹೀಗೆ ಸರಿದು ಸರಿದು ಬಿಟ್ಟ ಎಳೆಯನ್ನೇ ಹಿಡಿದುಕೊಂಡು ಉಳಿದ ನಾವೆಲ್ಲ ದಡ ಸೇರುತ್ತೇವೆ. ಬೆನ್ನಿಗೆ ಕಣ್ಣಿಲ್ಲದೆಯೂ ಇವರು ಬೀಳುವುದಿಲ್ಲವಲ್ಲ ಎಂದು ಜನ ಬೆರಗಾಗುತ್ತಾರೆ. ಕ್ಯಾಮೆರಾಕ್ಕೆ ಕಾಣದ ಕಡೆ ಒಬ್ಬ ಒದಿಲ್ ಇರುತ್ತಾಳೆ, ಅಷ್ಟೇ.